ಆಡಿದವರು ಆಡಿಸುವವರಾದಾಗ: ಆಸ್ಟ್ರೇಲಿಯನ್ ಫುಟ್‌ಬಾಲ್ ಕೋಚ್ ಒಬ್ಬರ ವೃತ್ತಿಚರಿತ್ರೆಯನ್ನು ಬರೆಯುವ ಕ್ರಮ

ಆಸ್ಟ್ರೇಲಿಯನ್ ಫುಟ್‌ಬಾಲ್‌ನ ರಾನ್ ಬರಾಸಿ ಅವರ ಹೆಸರಿನ ಮುಂದೆ ಹತ್ತು ಪ್ರೀಮಿಯರ್‌ಶಿಪ್‌ಗಳಿವೆ, ಅಂದರೆ ಲೀಗಿನ ವಾರ್ಷಿಕ ಚಾಂಪಿಯನ್ ಪಟ್ಟಗಳು: ಆಟಗಾರರಾಗಿ ಆರು, ಕೋಚ್ ಆಗಿ ನಾಲ್ಕು. ಅವರ ಗುರು ನಾರ್ಮ್ ಸ್ಮಿತ್ ಅವರ ಹೆಸರಿನ ಮುಂದೆಯೂ ಹತ್ತೇ ಇವೆ, ಆದರೆ ಲೆಕ್ಕ ತಿರುವುಮುರುವು: ಆಟಗಾರರಾಗಿ ನಾಲ್ಕು, ಕೋಚ್ ಆಗಿ ಆರು. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಬರಾಸಿ ಆಡಿ ಗೆದ್ದ ಆರೂ ಸ್ಮಿತ್ ಆಡಿಸಿ ಗೆದ್ದ ಆರೂ ಬೇರೆಬೇರೆಯಲ್ಲ. 1955, 1956, 1957, 1959, 1960 ಮತ್ತು 1964ರಲ್ಲಿ ಮೆಲ್ಬರ್ನ್ ಕ್ಲಬ್ ಗೆದ್ದ ಅವೇ ಆರು ಪ್ರೀಮಿಯರ್‌ಶಿಪ್‌ಗಳು ಇಬ್ಬರ ಖಾತೆಗೂ ಜಮೆಯಾಗಿವೆ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಆಡಿ, ಆಮೇಲೆ ಕೋಚ್ ಆದ ಒಬ್ಬರ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟವರು ಈ ಮಾತನ್ನು ಮೊದಲಿಗೇ ಗಮನದಲ್ಲಿಟ್ಟುಕೊಳ್ಳಬೇಕು. ಗೆಲುವಿನ ಸಂಖ್ಯೆ ಎಲ್ಲಿ ಬೇಕಾದರೂ ಸಿಗುತ್ತದೆ. ಆ ಗೆಲುವಿನಲ್ಲಿ ಕೋಚ್ ಅವರ ಪಾಲು ಎಷ್ಟು, ಅವರಿಗೆ ಸಿದ್ಧವಾಗಿ ಸಿಕ್ಕಿದ್ದು ಎಷ್ಟು, ಅವರು ಬಿಟ್ಟುಹೋದದ್ದು ಎಷ್ಟು ಎಂಬುದನ್ನು ಬರಹಗಾರರೇ ಬಿಡಿಸಿ ನೋಡಬೇಕು.

ವಿಶ್ವಕೋಶಕ್ಕೆ ಲೇಖನ ಬರೆಯುವವರಿಗೆ, ಪತ್ರಿಕೆಗೆ ವ್ಯಕ್ತಿಚಿತ್ರ ಕೊಡುವವರಿಗೆ, ಅಥವಾ ಮೆಲ್ಬರ್ನಿನಲ್ಲಿ ನೆಲೆಸಿ ಮಕ್ಕಳು ಶಾಲೆಯಲ್ಲಿ ಆಡುವ ಈ ಆಟವನ್ನು ಊರಿನ ಬಂಧುಗಳಿಗೆ ವಿವರಿಸಬೇಕೆಂದಿರುವ ಕನ್ನಡಿಗರಿಗೆ ನೆರವಾಗಲಿ ಎಂದು, ಬರಾಸಿ ಅವರ ವೃತ್ತಿಜೀವನವನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಈ ಕ್ರಮವನ್ನು ವಿವರಿಸಿದ್ದೇನೆ.

ಪದಗಳನ್ನು ಮೊದಲು ಗೊತ್ತುಮಾಡಿಕೊಳ್ಳಿ

ಈ ಆಟವನ್ನು ‘ಕಾಲ್ಚೆಂಡು’ ಎಂದು ಕರೆಯಬೇಡಿ. ಆ ಪದ ಓದುಗರ ಮನಸ್ಸಿನಲ್ಲಿ ಸಾಕರ್ ಆಟವನ್ನೇ ತಂದು ನಿಲ್ಲಿಸುತ್ತದೆ, ಮತ್ತು ಇಲ್ಲಿ ಕೈಗೂ ಕಾಲಿನಷ್ಟೇ ಕೆಲಸವಿದೆ. ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ ಚೆಂಡು, ಒಂದೊಂದು ಕಡೆ ಹದಿನೆಂಟು ಜನ, ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲ್, ಅದಕ್ಕೆ ಆರು ಅಂಕ. ಪಕ್ಕದ ಕಂಬಗಳ ನಡುವೆ ಹೋದರೆ ಬಿಹೈಂಡ್, ಅದಕ್ಕೆ ಒಂದು. ಆದ್ದರಿಂದ ಸ್ಕೋರನ್ನು 17.9 (111) ಎಂದು ಬರೆಯುತ್ತಾರೆ: ಹದಿನೇಳು ಗೋಲ್, ಒಂಬತ್ತು ಬಿಹೈಂಡ್, ಒಟ್ಟು ನೂರಹನ್ನೊಂದು ಅಂಕ. ಕನ್ನಡದ ಓದುಗರು ಅದನ್ನು ಹದಿನೇಳು ದಶಾಂಶ ಒಂಬತ್ತು ಎಂದು ಓದಿಕೊಳ್ಳುವ ಸಂಭವ ಇರುವುದರಿಂದ ಮೊದಲ ಸಲ ಬಳಸುವಾಗ ಬಿಡಿಸಿ ಹೇಳುವುದು ಒಳ್ಳೆಯದು.

ಪ್ರೀಮಿಯರ್‌ಶಿಪ್ ಎಂಬುದನ್ನು ಹಾಗೆಯೇ ಇಟ್ಟುಕೊಳ್ಳಿ. ಆಸ್ಟ್ರೇಲಿಯಾದಲ್ಲಿ ರಾಜ್ಯದ ಮುಖ್ಯಮಂತ್ರಿಯನ್ನೂ ಪ್ರೀಮಿಯರ್ ಎಂದೇ ಕರೆಯುವುದರಿಂದ, ಪದಕೋಶವನ್ನು ನಂಬಿ ಅನುವಾದಿಸಿದರೆ ಬರಾಸಿ ಹತ್ತು ಸಲ ಮುಖ್ಯಮಂತ್ರಿಯಾದರು ಎಂಬ ಅರ್ಥ ಬಂದೀತು. ಕೊನೆಯ ಸ್ಥಾನ ಪಡೆದ ತಂಡಕ್ಕೆ ‘ವುಡನ್ ಸ್ಪೂನ್’ ಸಿಕ್ಕಿತು ಎನ್ನುವ ವಾಡಿಕೆಯೂ ಅಲ್ಲಿದೆ. ಅದನ್ನು ಮರದ ಸೌಟು ಎಂದು ಬರೆದರೆ ಯಾರಿಗೂ ಏನೂ ತಿಳಿಯದು, ‘ಪಟ್ಟಿಯ ತಳ’ ಎಂದರೆ ಸಾಕು. ಲೀಗಿನ ಹೆಸರನ್ನೂ ಕಾಲಕ್ಕೆ ತಕ್ಕಂತೆ ಬರೆಯಬೇಕು: ವಿಕ್ಟೋರಿಯಾ ರಾಜ್ಯದ ವಿಎಫ್‌ಎಲ್ (ವಿಕ್ಟೋರಿಯನ್ ಫುಟ್‌ಬಾಲ್ ಲೀಗ್) 1990ರಲ್ಲಿ ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಎಂಬ ಹೆಸರು ಪಡೆಯಿತು. ಹಾಗಾಗಿ ಬರಾಸಿ ಆಡಿದ್ದೆಲ್ಲವೂ ವಿಎಫ್‌ಎಲ್‌ನಲ್ಲಿ. ಎಎಫ್‌ಎಲ್ ಎಂಬ ಹೆಸರಿನಡಿ ಅವರು ಕೋಚ್ ಆಗಿದ್ದದ್ದು ಕೊನೆಗೆ ಸಿಡ್ನಿ ತಂಡದೊಡನೆ ಕಳೆದ ಮೂರು ವರ್ಷಗಳಲ್ಲಿ ಮಾತ್ರ.

ಕನ್ನಡಕ್ಕೇ ಸೇರಿದ ತೊಡಕು ಇನ್ನೊಂದಿದೆ. ಬಾಲ್ಯವನ್ನು ‘ಹುಡುಗ ಬಂದ, ಆಡಿದ’ ಎಂದು ಏಕವಚನದಲ್ಲಿ ಆರಂಭಿಸಿ, ಕೋಚ್ ಆದ ಮೇಲೆ ‘ಅವರು ಗೆಲ್ಲಿಸಿದರು’ ಎಂದು ಬಹುವಚನಕ್ಕೆ ಹಾರುವ ಬರಹಗಳು ಬಹಳ. ವಯಸ್ಸು ಬಂದಂತೆ ಮರ್ಯಾದೆ ಬಂತು ಎನ್ನಿಸುವುದು ಅಲ್ಲಿ ಲೇಖಕರ ಉದ್ದೇಶವಲ್ಲದಿದ್ದರೂ ಓದುಗರಿಗೆ ತಟ್ಟುವುದು ಅದೇ. ಯಾವುದಾದರೂ ಒಂದನ್ನು ಆರಿಸಿ ಕೊನೆಯವರೆಗೂ ಅದಕ್ಕೇ ನಿಲ್ಲಿ.

ಎರಡು ಖಾತೆ, ನಡುವೆ ಒಂದು ಸೇತುವೆ

ಕಾಗದದ ಮೇಲೆ ಎರಡು ಕಲಂ ಎಳೆದುಕೊಳ್ಳಿ. ಮೊದಲನೆಯದರಲ್ಲಿ ಆಟಗಾರನ ವಿವರ: ಬರಾಸಿ 1936ರ ಫೆಬ್ರವರಿ 27ರಂದು ವಿಕ್ಟೋರಿಯಾದ ಕ್ಯಾಸಲ್‌ಮೇನ್‌ನಲ್ಲಿ ಹುಟ್ಟಿದರು, 1953ರಲ್ಲಿ ಹದಿನೇಳನೆಯ ವಯಸ್ಸಿನಲ್ಲಿ ಮೆಲ್ಬರ್ನ್ ಕ್ಲಬ್‌ಗೆ ಮೊದಲ ಪಂದ್ಯ ಆಡಿದರು, ಮೆಲ್ಬರ್ನ್‌ಗೆ 204, ಕಾರ್ಲ್ಟನ್‌ಗೆ 50, ಒಟ್ಟು 254 ಪಂದ್ಯ, 330 ಗೋಲ್. ಎರಡನೆಯದರಲ್ಲಿ ಕೋಚ್‌ನ ವಿವರ: ಕಾರ್ಲ್ಟನ್ 1965ರಿಂದ 1971, ನಾರ್ತ್ ಮೆಲ್ಬರ್ನ್ 1973ರಿಂದ 1980, ಮೆಲ್ಬರ್ನ್ 1981ರಿಂದ 1985, ಸಿಡ್ನಿ 1993ರಿಂದ 1995, ಒಟ್ಟು 515 ಪಂದ್ಯ. ಈ 254 ಮತ್ತು 515ನ್ನು ಕೂಡಿಸಿ ಒಂದು ದೊಡ್ಡ ಸಂಖ್ಯೆ ಬರೆಯುವ ಆಸೆ ಹುಟ್ಟಬಹುದು. ಅದು ತಪ್ಪು ಲೆಕ್ಕ, ಏಕೆಂದರೆ ಕಾರ್ಲ್ಟನ್‌ಗೆ ಆಡಿದ ಐವತ್ತು ಪಂದ್ಯಗಳಲ್ಲಿ ಅವರೇ ಕೋಚ್ ಕೂಡ ಆಗಿದ್ದರು. ಆ ಐವತ್ತು ಎರಡೂ ಕಲಂಗಳಲ್ಲಿವೆ.

ಆ ಐವತ್ತು ಪಂದ್ಯಗಳೇ ನೀವು ಬರೆಯಬೇಕಾದ ಕತೆಯ ಸೇತುವೆ. ಆ ಕಾಲದಲ್ಲಿ ಕ್ಯಾಪ್ಟನ್-ಕೋಚ್ ಎಂಬ ಹುದ್ದೆ ಸಾಮಾನ್ಯವಾಗಿತ್ತು: ಮೈದಾನದಲ್ಲಿ ಬೆವರು ಸುರಿಸುತ್ತಲೇ ಹದಿನೇಳು ಜನರನ್ನು ಆಡಿಸಬೇಕು, ಸೋತರೆ ಎರಡೂ ಲೆಕ್ಕದಲ್ಲಿ ಬೈಸಿಕೊಳ್ಳಬೇಕು. 1981ರಲ್ಲಿ ನಾರ್ತ್ ಮೆಲ್ಬರ್ನ್‌ನ ಮಾಲ್ಕಮ್ ಬ್ಲೈಟ್ ಆಡುತ್ತಲೇ ಕೋಚ್ ಆಗಿದ್ದು, ಋತು ಮುಗಿಯುವ ಮೊದಲೇ ಕೋಚ್ ಸ್ಥಾನವನ್ನು ಬಿಟ್ಟುಕೊಟ್ಟ ಮೇಲೆ ವಿಎಫ್‌ಎಲ್‌ನಲ್ಲಿ ಆ ಪದ್ಧತಿಯೇ ನಿಂತುಹೋಯಿತು. ಇಂದಿನ ಕೋಚ್ ಒಬ್ಬರು ಆಟ ಬಿಟ್ಟು, ಹಲವು ವರ್ಷ ಸಹಾಯಕರಾಗಿ ದುಡಿದು, ಬಳಿಕ ಮುಖ್ಯ ಸ್ಥಾನಕ್ಕೆ ಬರುತ್ತಾರೆ. ನೀವು ಬರೆಯುತ್ತಿರುವವರು ಯಾವ ದಾರಿಯಿಂದ ಬಂದವರು ಎಂಬುದನ್ನು ಎರಡನೆಯ ಪ್ಯಾರಾದೊಳಗೇ ಹೇಳಿಬಿಟ್ಟರೆ ಮುಂದಿನದೆಲ್ಲ ಸುಲಭ.

ಸೇತುವೆಯ ಈಚೆ ದಡದಲ್ಲಿ ಗುರು ಇರುತ್ತಾರೆ, ಅವರನ್ನು ಬಿಡಬೇಡಿ. ಬರಾಸಿ ಅವರ ತಂದೆಯೂ ಮೆಲ್ಬರ್ನ್ ಕ್ಲಬ್‌ನ ಆಟಗಾರರೇ. ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಲಿಬಿಯಾದ ಟೊಬ್ರೂಕ್‌ನಲ್ಲಿ ಮಡಿದರು. ಆಗ ಮಗನಿಗೆ ಐದು ವರ್ಷ. ಮುಂದೆ ತಂದೆಯ ಗೆಳೆಯ ನಾರ್ಮ್ ಸ್ಮಿತ್ ಈ ಹುಡುಗನನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಬೆಳೆಸಿದರು; ಬರಾಸಿ ಸ್ಮಿತ್ ಅವರ ಹಿತ್ತಿಲ ಕೋಣೆಯಲ್ಲಿ ವಾಸವಾಗಿದ್ದರು. ಆಟಗಾರರು ತಾವು ವಾಸಿಸುವ ವಲಯದ ಕ್ಲಬ್‌ಗೇ ಸೇರಬೇಕೆಂಬ ಕಟ್ಟಳೆ ಇದ್ದ ದಿನಗಳವು. ತಂದೆ ಆಡಿದ ಕ್ಲಬ್‌ಗೆ ಮಗ ಸೇರಬಹುದೆಂಬ ನಿಯಮದ ಮೊದಲ ಫಲಾನುಭವಿಗಳಲ್ಲಿ ಬರಾಸಿ ಒಬ್ಬರು. ರಕ್‌ಮನ್ ಆಗಿ ಎಗರಿ ಚೆಂಡು ತಟ್ಟುವಷ್ಟು ಎತ್ತರವಿಲ್ಲದ ಅವರನ್ನು ಸ್ಮಿತ್ ‘ರಕ್-ರೋವರ್’ ಆಗಿ, ಅಂದರೆ ಚೆಂಡು ಎಲ್ಲಿದೆಯೋ ಅಲ್ಲಿಗೆ ಓಡುವ ಗಟ್ಟಿಮುಟ್ಟಾದ ಆಟಗಾರನಾಗಿ ಬಳಸಿದರು. ಮನೆಯಲ್ಲೂ ಮೈದಾನದಲ್ಲೂ ಒಬ್ಬರದೇ ಮಾತು ಕೇಳಿ ಬೆಳೆದವರು 1964ರ ಗೆಲುವಿನ ಬೆನ್ನಿಗೇ ಆ ಮನೆಯ ಕ್ಲಬ್ ಬಿಟ್ಟು ಕಾರ್ಲ್ಟನ್‌ಗೆ ಹೋದದ್ದು ಮೆಲ್ಬರ್ನ್ ನಗರಕ್ಕೆ ಏಕೆ ಅಷ್ಟು ದೊಡ್ಡ ಆಘಾತವಾಯಿತು ಎಂಬುದು ಈ ಹಿನ್ನೆಲೆ ಹೇಳಿದರೆ ಮಾತ್ರ ಓದುಗರಿಗೆ ಅರ್ಥವಾಗುತ್ತದೆ.

ಹಿಂದಿನ ವರ್ಷ, ಮುಂದಿನ ವರ್ಷ

ಈ ಕೆಲಸದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಅಳತೆಗೋಲು ಸರಳವಾದದ್ದು. ಕೋಚ್ ಬರುವುದಕ್ಕೆ ಮೊದಲಿನ ವರ್ಷ ತಂಡ ಎಲ್ಲಿತ್ತು? ಅವರು ಹೋದ ಮೇಲಿನ ವರ್ಷ ಎಲ್ಲಿಗೆ ಬಂತು? ಈ ಎರಡು ಪ್ರಶ್ನೆಗಳನ್ನು ಪ್ರತಿಯೊಂದು ಕ್ಲಬ್‌ಗೂ ಕೇಳಿ ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಲೇಖನದ ಬೆನ್ನೆಲುಬು ತಾನಾಗಿ ಮೂಡುತ್ತದೆ.

ಕಾರ್ಲ್ಟನ್ 1964ರಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೆಯದು. ಬರಾಸಿ ಬಂದ ನಾಲ್ಕನೆಯ ವರ್ಷ, 1968ರಲ್ಲಿ, ಎಸೆಂಡನ್ ವಿರುದ್ಧ ಮೂರು ಅಂಕಗಳಿಂದ ಗೆದ್ದಿತು, 7.14 (56) ಎದುರಿಗೆ 8.5 (53), ಅಂದರೆ ಗೋಲ್ ಕಡಿಮೆ ಹೊಡೆದೂ ಗೆದ್ದ ಗ್ರ್ಯಾಂಡ್ ಫೈನಲ್ (ಪ್ರೀಮಿಯರ್‌ಶಿಪ್ ನಿರ್ಧರಿಸುವ ಅಂತಿಮ ಪಂದ್ಯ). 1970ರಲ್ಲಿ ಮತ್ತೊಂದು. ಅವರು 1971ರ ಕೊನೆಗೆ ಬಿಟ್ಟರು. 1972ರಲ್ಲಿ, ಅವರದೇ ಕೈಕೆಳಗೆ ಆಡಿದ್ದ ಜಾನ್ ನಿಕೋಲ್ಸ್ ಕ್ಯಾಪ್ಟನ್-ಕೋಚ್ ಆಗಿ ಕಾರ್ಲ್ಟನ್ ಮತ್ತೆ ಪ್ರೀಮಿಯರ್‌ಶಿಪ್ ಗೆದ್ದಿತು. ಆ ಗೆಲುವು ನಿಕೋಲ್ಸ್ ಅವರದು, ಅದರಲ್ಲಿ ಸಂದೇಹವಿಲ್ಲ. ಆದರೆ ಏಳು ವರ್ಷ ಉತ್ತು ಹದಮಾಡಿದ ಹೊಲವೆಂಬುದನ್ನೂ ಹೇಳಬೇಕು. ಬರಾಸಿ ಅವರ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ, ಲೇಖನದಲ್ಲಿ ಇರಬೇಕು. ಇತ್ತ ಅವರು ಬಿಟ್ಟುಬಂದ ಮೆಲ್ಬರ್ನ್ ಕ್ಲಬ್ 1965ರ ನಡುವಿನಲ್ಲಿ ಸ್ಮಿತ್ ಅವರನ್ನೇ ವಜಾ ಮಾಡಿ, ವಾರದೊಳಗೆ ಮರಳಿ ಕರೆದುಕೊಂಡು, ಆ ಬಳಿಕ ಮುಂದಿನ ಪ್ರೀಮಿಯರ್‌ಶಿಪ್‌ಗಾಗಿ 2021ರವರೆಗೆ ಕಾಯಿತು. ಐವತ್ತೇಳು ವರ್ಷ.

ನಾರ್ತ್ ಮೆಲ್ಬರ್ನ್‌ನ ಲೆಕ್ಕ ಇನ್ನೂ ಎದ್ದುಕಾಣುವಂಥದ್ದು. 1972ರಲ್ಲಿ ಒಂದೇ ಒಂದು ಪಂದ್ಯ ಗೆದ್ದು ತಳದಲ್ಲಿದ್ದ, ಅಲ್ಲಿಯವರೆಗೆ ವಿಎಫ್‌ಎಲ್ ಪ್ರೀಮಿಯರ್‌ಶಿಪ್ಪನ್ನೇ ಕಾಣದ ಕ್ಲಬ್ 1974ರಿಂದ 1978ರವರೆಗೆ ಐದೂ ವರ್ಷ ಗ್ರ್ಯಾಂಡ್ ಫೈನಲ್ ಆಡಿ, 1975 ಮತ್ತು 1977ರಲ್ಲಿ ಗೆದ್ದಿತು. ಇಷ್ಟನ್ನೇ ಬರೆದು ‘ಬರಾಸಿ ಮಾಡಿದ ಪವಾಡ’ ಎಂದು ಮುಗಿಸುವುದು ಸುಲಭ. ಆದರೆ ಇಲ್ಲಿ ನಿಯಮದ ಕತೆಯೊಂದಿದೆ. ಒಂದೇ ಕ್ಲಬ್‌ಗೆ ಹತ್ತು ವರ್ಷ ಆಡಿದವರು ಇಷ್ಟವಿದ್ದಲ್ಲಿಗೆ ಹೋಗಬಹುದೆಂಬ ನಿಯಮವನ್ನು ಲೀಗ್ 1972ರಲ್ಲಿ ತಂದು, ಮರುವರ್ಷವೇ ಹಿಂತೆಗೆದುಕೊಂಡಿತು. ಕಿಟಕಿ ತೆರೆದಿದ್ದ ಅಷ್ಟೇ ಹೊತ್ತಿನಲ್ಲಿ ನಾರ್ತ್ ಮೆಲ್ಬರ್ನ್‌ನ ಆಡಳಿತಗಾರರು ಜೀಲಾಂಗ್‌ನಿಂದ ಡಗ್ ವೇಡ್, ಎಸೆಂಡನ್‌ನಿಂದ ಬ್ಯಾರಿ ಡೇವಿಸ್, ಸೌತ್ ಮೆಲ್ಬರ್ನ್‌ನಿಂದ ಜಾನ್ ರಾಂಟಲ್ ಅವರನ್ನು ತಂದರು. ವೇಡ್ 1974ರಲ್ಲಿ 103 ಗೋಲ್ ಹೊಡೆದರು. ಬರಾಸಿ ಅವರನ್ನು ಕರೆತಂದದ್ದೂ ಅದೇ ಆಡಳಿತ. ಹಾಗಾಗಿ ಕ್ಲಬ್‌ನ ಅಧ್ಯಕ್ಷ ಅಲನ್ ಐಲೆಟ್ ಮತ್ತವರ ಸಂಗಡಿಗರ ಹೆಸರಿಲ್ಲದೆ ಈ ಅಧ್ಯಾಯ ಪೂರ್ತಿಯಾಗುವುದಿಲ್ಲ. ಒಳ್ಳೆಯ ಆಟಗಾರರು ಬಂದರೆಂಬ ಮಾತ್ರಕ್ಕೆ ತಂಡವಾಗುವುದಿಲ್ಲ ಎಂಬ ವಾದವೂ ಇದೆ, ಅದು ಸರಿಯೂ ಹೌದು. ಎರಡನ್ನೂ ಬರೆದು ತೂಕವನ್ನು ಓದುಗರಿಗೆ ಬಿಡಿ.

ಒಂದೇ ಪಂದ್ಯವನ್ನು ಆರಿಸುವುದು

ಐದುನೂರು ಪಂದ್ಯಗಳ ಕತೆ ಯಾರೂ ಓದಲಾರರು. ಕೋಚ್ ಮಾಡಿದ ನಿರ್ಧಾರವೊಂದು ಸ್ಕೋರ್‌ಬೋರ್ಡಿನಲ್ಲೇ ಕಾಣುವಂಥ ಒಂದು ಪಂದ್ಯವನ್ನು ಆರಿಸಿ, ಅದಕ್ಕೆ ಧಾರಾಳವಾಗಿ ಜಾಗ ಕೊಡಿ. ಬರಾಸಿ ಅವರ ವಿಷಯದಲ್ಲಿ ಎಲ್ಲರೂ ಆರಿಸುವುದು 1970ರ ಗ್ರ್ಯಾಂಡ್ ಫೈನಲ್. ಎಲ್ಲರೂ ಆರಿಸುತ್ತಾರೆ ಎಂಬ ಕಾರಣಕ್ಕೆ ಬಿಡಬೇಕಾಗಿಲ್ಲ. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 1,21,696 ಜನ ನೆರೆದಿದ್ದರು. ಅರ್ಧ ಆಟ ಮುಗಿದಾಗ ಕಾಲಿಂಗ್‌ವುಡ್ 10.13 (73), ಕಾರ್ಲ್ಟನ್ 4.5 (29), ನಲವತ್ತನಾಲ್ಕು ಅಂಕಗಳ ಅಂತರ. ಬರಾಸಿ ವಿರಾಮದಲ್ಲಿ ಎರಡು ಕೆಲಸ ಮಾಡಿದರು. ಹೊರಗೆ ಕುಳಿತಿದ್ದ ಟೆಡ್ ಹಾಪ್ಕಿನ್ಸ್ ಎಂಬ ಬದಲಿ ಆಟಗಾರನನ್ನು ಕಣಕ್ಕಿಳಿಸಿದರು. ಚೆಂಡನ್ನು ಉದ್ದುದ್ದ ಒದೆಯುವುದನ್ನು ಬಿಟ್ಟು ಕೈಯಿಂದ ಗುದ್ದಿ ಹತ್ತಿರದವರಿಗೆ ದಾಟಿಸುತ್ತ ಓಡಿರೆಂದು ತಂಡಕ್ಕೆ ಹೇಳಿದರು. ಹಾಪ್ಕಿನ್ಸ್ ನಾಲ್ಕು ಗೋಲ್ ಹೊಡೆದರು. ದ್ವಿತೀಯಾರ್ಧದ ಲೆಕ್ಕ ಮಾತ್ರ ತೆಗೆದರೆ ಕಾರ್ಲ್ಟನ್ 13.4, ಕಾಲಿಂಗ್‌ವುಡ್ 4.4; ಕೊನೆಯ ಸ್ಕೋರ್ 17.9 (111) ಮತ್ತು 14.17 (101).

ಬದಲಿ ಆಟಗಾರನನ್ನು ಇಳಿಸುವುದು ಆಗ ಎಷ್ಟು ದೊಡ್ಡ ಜೂಜು ಎಂಬುದನ್ನು ಇಲ್ಲಿ ವಿವರಿಸಬೇಕು. ಈಗಿನಂತೆ ಆಟಗಾರರು ಒಳಗೆ ಹೊರಗೆ ಓಡಾಡುವ ವ್ಯವಸ್ಥೆ ಬಂದದ್ದು 1978ರಲ್ಲಿ. ಅದಕ್ಕೂ ಮೊದಲು ಹೊರಗೆ ಹೋದವರು ಅಂದು ಮತ್ತೆ ಬರುವಂತಿರಲಿಲ್ಲ. ಜೊತೆಗೆ ದಂತಕತೆಯಿಂದ ಒಂದು ಹೆಜ್ಜೆ ದೂರ ನಿಲ್ಲಿ. ಚೆಂಡನ್ನು ಕೈಯಿಂದ ದಾಟಿಸುವ ಶೈಲಿ ಆ ಮಧ್ಯಾಹ್ನವೇ ಹುಟ್ಟಿತು ಎಂದು ಬರೆಯುವವರಿದ್ದಾರೆ. ನಾರ್ಮ್ ಸ್ಮಿತ್ ಅವರ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಲೆನ್ ಸ್ಮಿತ್ ಫಿಟ್ಜ್‌ರಾಯ್ ಕೋಚ್ ಆಗಿ ಅದನ್ನು ಮೊದಲೇ ಬೋಧಿಸಿದ್ದರು. ಜೀಲಾಂಗ್‌ನ ಪಾಲಿ ಫಾರ್ಮರ್ ಕೈಯಿಂದ ಚೆಂಡು ದಾಟಿಸುವುದನ್ನು ಆಕ್ರಮಣದ ಅಸ್ತ್ರವಾಗಿಸಿದ್ದರು. ಬರಾಸಿ ಅದನ್ನು ಲಕ್ಷ ಜನರ ಎದುರು, ಸೋಲಿನ ಅಂಚಿನಲ್ಲಿ ಬಳಸಿದರು. ಅಂದಿನ ಹೀರೋ ಹಾಪ್ಕಿನ್ಸ್ ಮುಂದೆ ಚಾಂಪಿಯನ್ ಡೇಟಾ ಎಂಬ ಅಂಕಿಅಂಶ ಸಂಸ್ಥೆಯನ್ನು ಹುಟ್ಟುಹಾಕಿದರು. ಇಂದು ಈ ಆಟದ ಬಗ್ಗೆ ಬರೆಯುವವರೆಲ್ಲ ನೋಡುವ ಸಂಖ್ಯೆಗಳಲ್ಲಿ ಬಹುಪಾಲು ಅಲ್ಲಿಂದಲೇ ಬರುತ್ತವೆ.

ಎರಡನೆಯ ಪಂದ್ಯಕ್ಕೆ ಜಾಗವಿದ್ದರೆ, ಅದೇ ಮೈದಾನದಲ್ಲಿ ನಡೆದ 1977ರ ಗ್ರ್ಯಾಂಡ್ ಫೈನಲ್. ಸೆಪ್ಟೆಂಬರ್ 24ರಂದು ನಾರ್ತ್ ಮೆಲ್ಬರ್ನ್ 9.22, ಕಾಲಿಂಗ್‌ವುಡ್ 10.16, ಎರಡೂ 76. ಮರುವಾರ ಮತ್ತೆ ಆಡಿಸಿದಾಗ ನಾರ್ತ್ 27 ಅಂಕಗಳಿಂದ ಗೆದ್ದಿತು. ಕನ್ನಡ ಓದುಗರಿಗೆ ಈ ಮೈದಾನದ ಗುರುತು ಹಿಡಿಸಲು ಒಂದು ಸಾಲು ಸಾಕು: ಇದಾದ ಮೂರೇ ತಿಂಗಳಿಗೆ, ಅದೇ ಹುಲ್ಲಿನ ಮೇಲೆ, ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ಗಳಲ್ಲಿ 52 ರನ್ನಿಗೆ ಆರಾರು ವಿಕೆಟ್ ಕಿತ್ತು ಆಸ್ಟ್ರೇಲಿಯಾದ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು.

ಹೋಲಿಕೆಗೆ ಯಾರನ್ನು ತರಬೇಕು

ಹೋಲಿಕೆ ಒಂದೆರಡು ಇರಲಿ, ಹೆಚ್ಚು ಬೇಡ. ಬರಾಸಿ ಪಕ್ಕದಲ್ಲಿ ನಿಲ್ಲಿಸಲು ಲೀ ಮ್ಯಾಥ್ಯೂಸ್ ತಕ್ಕವರು: ಹಾಥಾರ್ನ್‌ಗೆ 332 ಪಂದ್ಯ, 915 ಗೋಲ್, ಆಟಗಾರರಾಗಿ ನಾಲ್ಕು ಪ್ರೀಮಿಯರ್‌ಶಿಪ್, ಕೋಚ್ ಆಗಿಯೂ ನಾಲ್ಕು. 1990ರಲ್ಲಿ ಅವರು ಕಾಲಿಂಗ್‌ವುಡ್‌ನ 32 ವರ್ಷಗಳ ಬರವನ್ನು ನೀಗಿಸಿದರು. 1998ರಲ್ಲಿ ತಳದಲ್ಲಿದ್ದ ಬ್ರಿಸ್ಬೇನ್ ಲಯನ್ಸ್ ತಂಡವನ್ನು ಮರುವರ್ಷ ಕೈಗೆತ್ತಿಕೊಂಡು 2001, 2002, 2003ರಲ್ಲಿ ಸಾಲಾಗಿ ಗೆಲ್ಲಿಸಿದರು, ಅದರಲ್ಲಿ ಎರಡು ಸಲ ಸೋತದ್ದು ಅವರ ಹಳೆಯ ಕಾಲಿಂಗ್‌ವುಡ್. ಇಲ್ಲಿಯೂ ಹಿಂದಿನ ವರ್ಷದ ಪ್ರಶ್ನೆ ಕೇಳಬೇಕು: ಆ ತಂಡ 1996ರ ಕೊನೆಗೆ ಫಿಟ್ಜ್‌ರಾಯ್ ಕ್ಲಬ್ಬಿನೊಡನೆ ವಿಲೀನವಾಗಿತ್ತು, ಮತ್ತು ಆಟಗಾರರ ಸಂಬಳದ ಮಿತಿಯಲ್ಲಿ ಅದಕ್ಕೆ ರಿಯಾಯಿತಿ ಇತ್ತು. ಇತರ ಕ್ಲಬ್‌ಗಳು ಆ ರಿಯಾಯಿತಿಯನ್ನು ಸದಾ ಎತ್ತಿ ಆಡುತ್ತಿದ್ದವು.

ದೊಡ್ಡ ಆಟಗಾರರೇ ದೊಡ್ಡ ಕೋಚ್ ಆಗುತ್ತಾರೆ ಎಂಬ ಭಾವನೆ ಬರಾಸಿ, ಮ್ಯಾಥ್ಯೂಸ್ ಇಬ್ಬರನ್ನೇ ನೋಡಿದವರಲ್ಲಿ ಹುಟ್ಟೀತು. ಅದನ್ನು ಅಲ್ಲೇ ಮುರಿಯಲು ಅಲಸ್ಟೇರ್ ಕ್ಲಾರ್ಕ್‌ಸನ್ ಇದ್ದಾರೆ: ನಾರ್ತ್ ಮೆಲ್ಬರ್ನ್ ಮತ್ತು ಮೆಲ್ಬರ್ನ್ ಸೇರಿ 134 ಪಂದ್ಯ ಆಡಿದ ಸಾಧಾರಣ ಆಟಗಾರ, ಹಾಥಾರ್ನ್ ಕೋಚ್ ಆಗಿ 2008, 2013, 2014, 2015ರ ವಿಜೇತ. ಇನ್ನೂ ಮುಂದೆ ಹೋದರೆ, ವಿಎಫ್‌ಎಲ್‌ನಲ್ಲಾಗಲಿ ಎಎಫ್‌ಎಲ್‌ನಲ್ಲಾಗಲಿ ಒಂದೂ ಪಂದ್ಯ ಆಡದ ಟಾಸ್ಮೇನಿಯಾದ ಕ್ರಿಸ್ ಫಾಗನ್ 2024 ಮತ್ತು 2025ರಲ್ಲಿ ಬ್ರಿಸ್ಬೇನನ್ನು ಗೆಲ್ಲಿಸಿದರು.

ಸೋತ ವರ್ಷಗಳಿಗೂ ಅಷ್ಟೇ ಜಾಗ

ಅಭಿಮಾನದಿಂದ ಬರೆಯುವವರು ಜಾರುವುದು ಇಲ್ಲಿ. ಬರಾಸಿ 1981ರಲ್ಲಿ ತವರು ಕ್ಲಬ್ ಮೆಲ್ಬರ್ನ್‌ಗೆ ಮರಳಿದಾಗ ಊರಿಗೆ ಊರೇ ಸಂಭ್ರಮಿಸಿತು. ಆ ವರ್ಷ ತಂಡ ಗೆದ್ದದ್ದು ಒಂದು ಪಂದ್ಯ. ಐದು ವರ್ಷಗಳಲ್ಲಿ ಒಮ್ಮೆಯೂ ಫೈನಲ್ಸ್ ಸುತ್ತು, ಅಂದರೆ ಪಟ್ಟಿಯ ಮೇಲಿನ ತಂಡಗಳಷ್ಟೇ ಆಡುವ ಕೊನೆಯ ಹಂತ, ಮುಟ್ಟಲಿಲ್ಲ. ಇದನ್ನು ‘ನಂತರ ಅವರು ಮೆಲ್ಬರ್ನ್‌ಗೂ ಕೋಚ್ ಆಗಿದ್ದರು’ ಎಂಬ ಅರ್ಧ ಸಾಲಿನಲ್ಲಿ ದಾಟಿಸಬಾರದು. ಸಿಡ್ನಿಯೂ ಹಾಗೆಯೇ. ಸಾಲುಸಾಲು ಸೋಲಿನಲ್ಲಿ ಮುಳುಗಿದ್ದ, ಸೌತ್ ಮೆಲ್ಬರ್ನ್‌ನಿಂದ 1982ರಲ್ಲಿ ಗುಳೆಬಂದ ಆ ತಂಡವನ್ನು 1993ರ ಋತುವಿನ ನಡುವೆ ವಹಿಸಿಕೊಂಡಾಗ ಬರಾಸಿ ಅವರಿಗೆ ಐವತ್ತೇಳು. 1993, 1994 ಎರಡೂ ವರ್ಷ ತಂಡ ತಳದಲ್ಲೇ ಉಳಿಯಿತು. 1995ರಲ್ಲಿ ಟೋನಿ ಲಾಕೆಟ್ ಬಂದರು, ಬರಾಸಿ ಆ ವರ್ಷದ ಕೊನೆಗೆ ಹೊರಟರು, 1996ರಲ್ಲಿ ರಾಡ್ನಿ ಈಡ್ ಕೈಯಲ್ಲಿ ಸಿಡ್ನಿ ಗ್ರ್ಯಾಂಡ್ ಫೈನಲ್ ಆಡಿತು. ಮುಂದಿನ ವರ್ಷದ ಪ್ರಶ್ನೆಗೆ ಉತ್ತರ ಇಲ್ಲಿಯೂ ಇದೆ. ಆ ವರ್ಷವೇ ಆಸ್ಟ್ರೇಲಿಯನ್ ಫುಟ್‌ಬಾಲ್ ಹಾಲ್ ಆಫ್ ಫೇಮ್ ಆರಂಭವಾಗಿ, ಬರಾಸಿ ಅದರ ಮೊದಲ ತಂಡದ ‘ಲೆಜೆಂಡ್’ಗಳಲ್ಲಿ ಒಬ್ಬರಾದರು. ಅವರು ತೀರಿಕೊಂಡದ್ದು 2023ರ ಸೆಪ್ಟೆಂಬರ್ 16ರಂದು, ಎಂಬತ್ತೇಳನೆಯ ವಯಸ್ಸಿನಲ್ಲಿ. ಪುರಸ್ಕಾರ, ಪ್ರತಿಮೆಗಳ ವಿವರವನ್ನು ಈ ತಾರೀಖಿನ ಹತ್ತಿರ ಎರಡು ಸಾಲಿನಲ್ಲಿ ಸೇರಿಸಿದರೆ ಸಾಕು.

ಮೆಲ್ಬರ್ನ್‌ನ ಆ ಬರಡು ವರ್ಷಗಳಿಂದ ಬಿಡಬಾರದ ಸಂಗತಿ ಒಂದಿದೆ. ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್ ಆಡುವ ಹುಡುಗರು ಓಡುವುದರಲ್ಲಿ, ಚೆಂಡು ಹಿಡಿಯುವುದರಲ್ಲಿ ಪಳಗಿರುತ್ತಾರೆ, ಅವರಿಗೆ ಈ ಆಟ ಕಲಿಸಬಹುದು ಎಂದು ಬರಾಸಿ ಕಾಲದಲ್ಲಿ ಕ್ಲಬ್ ಅಲ್ಲಿಂದ ಹುಡುಗರನ್ನು ಕರೆತರಲು ಆರಂಭಿಸಿತು. 1984ರಲ್ಲಿ ಡಬ್ಲಿನ್‌ನಿಂದ ಬಂದ ಹದಿನೆಂಟು ವರ್ಷದ ಜಿಮ್ ಸ್ಟೈನ್ಸ್ ಮೊಟ್ಟೆಯಾಕಾರದ ಚೆಂಡನ್ನು ನೆಟ್ಟಗೆ ಒದೆಯಲು ಕಲಿಯುವಷ್ಟರಲ್ಲಿ ಬರಾಸಿ ಕ್ಲಬ್ ಬಿಟ್ಟಿದ್ದರು. ಸ್ಟೈನ್ಸ್ ಮೊದಲ ಪಂದ್ಯ ಆಡಿದ್ದು 1987ರಲ್ಲಿ. 1991ರಲ್ಲಿ ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಪಡೆದರು. ಸತತ 244 ಪಂದ್ಯ ತಪ್ಪದೆ ಆಡಿದ ದಾಖಲೆ ಬರೆದರು. ಬರಾಸಿ ಕುರಿತ ಲೇಖನದಲ್ಲಿ ಈ ಸಾಲನ್ನು ಬರೆಯಬೇಕಾದದ್ದು ಸ್ಟೈನ್ಸ್ ಪದಕ ಪಡೆದ 1991ರಲ್ಲಲ್ಲ, 1984ರಲ್ಲಿ, ತಂಡ ಸೋಲುತ್ತಿದ್ದ ಆ ಪ್ಯಾರಾದೊಳಗೇ.